ಯಾರ ಕಡೆಯವರು?

ಜೂನ್ 3, ಮಂಗಳವಾರ

ಒಂಬತ್ತೂವರೆಗೆ ಲಾಗಿನ್. ಹತ್ತೂ ಹತ್ತಕ್ಕೆ ಕರೆಂಟ್ ಹೋಯಿತು, ಅದರ ಹಿಂದೆಯೇ ನೆಟ್ಟೂ. ಲೈನಿನಲ್ಲಿದ್ದ ಗಿರಾಕಿ ಮಾತಿನ ನಡುವೆಯೇ ಕಟ್. ಎರಡನೇ ಸಲ. ಇನ್ನೊಮ್ಮೆ ಕಾಲ್ ಕಟ್ಟಾದರೆ ಪ್ರೊಬೇಷನ್ನಿನಲ್ಲೇ ಕೆಲಸ ಹೋಯಿತು. ಮನೆಗೆ ಕಳಿಸುತ್ತಾರಂತೆ. ಮನೆಯಲ್ಲೇ ಇದ್ದೇನಲ್ಲ, ಇನ್ನೆಲ್ಲಿಗೆ ಕಳಿಸುತ್ತಾರೋ!

ಕಂಪನಿ ಬೆಂಗಳೂರಿನಲ್ಲಿ ಕೋ-ವರ್ಕಿಂಗ್ ಆಫೀಸು ನಡೆಸುತ್ತದೆ — ಕುರ್ಚಿ, ಟೇಬಲ್ಲು, ಏಸಿ, ಎಲ್ಲ ಬಾಡಿಗೆಗೆ. ಅಲ್ಲಿ ಕುಳಿತವರ ದೂರನ್ನು ಶಹಾಪುರದ ಪಕ್ಕದ ದೋರನಹಳ್ಳಿಯಲ್ಲಿ ಕುಳಿತ ನಾನು ಕೇಳಬೇಕು. ಸೂಪರ್‌ವೈಸರ್ ಸರಿತಾ ಮೇಡಂ ಫೋನು: "ನಂದಿನಿ, ನಿಮ್ಮ ಹತ್ರ ಯಾವುದಾದ್ರೂ ಕೋ-ವರ್ಕಿಂಗ್ ಸ್ಪೇಸ್ ಇರುತ್ತಲ್ವಾ? ನೋಡ್ಕೊಳ್ಳಿ."

ಇರುತ್ತಲ್ವಾ! ನಮ್ಮ ಹತ್ತಿರ ಹಿಟ್ಟಿನ ಗಿರಣಿ ಇದೆ ಮೇಡಂ... ಹೇಳಲಿಲ್ಲ. "ನೋಡ್ತೀನಿ ಮೇಡಂ" ಎಂದೆ.

ಜೂನ್ 5, ಗುರುವಾರ

ರಜೆ ಹಾಕಿ ಶಹಾಪುರದ ಬಜಾರೆಲ್ಲ ಸುತ್ತಿದೆ. ಮೊದಲು ಒಂದು ಸ್ಟಡಿ ಸೆಂಟರ್. ಪಿಎಸ್‌ಐ ಪರೀಕ್ಷೆಗೆ ಓದುವವರು ಸಾಲಾಗಿ ಕುಳಿತಿದ್ದಾರೆ. ವೈಫೈ ಇದೆ, ಆದರೆ ಕೆಮ್ಮಿದರೂ ತಿರುಗಿ ನೋಡುತ್ತಾರೆ. ನನ್ನದು ಬಾಯಿ ಕೆಲಸ. ಆಗದು.

ಆಮೇಲೆ ಫಿರೋಜ್ ಭಾಯಿಯ ಝೆರಾಕ್ಸ್ ಅಂಗಡಿ. ಜಾತಿ ಸರ್ಟಿಫಿಕೇಟು, ಪಹಣಿ, ಅರ್ಜಿ ತುಂಬುವವರ ನೂಕುನುಗ್ಗಲು. "ಇಲ್ಲಿ ಭಾಳ ಗದ್ಲ ಅಕ್ಕಾ. ಮ್ಯಾಲ ಒಂದು ಖೋಲಿ ಖಾಲಿ ಅದ. ನನ್ನ ನೆಟ್ಟೇ ಕೊಡ್ತೀನಿ, ಇನ್ವರ್ಟರೂ ಅದ."

ಹತ್ತಿ ನೋಡಿದೆ. ಫ್ಯಾನು, ಕಿಟಕಿ, ಮುಚ್ಚಿಕೊಳ್ಳುವ ಬಾಗಿಲು. ಸಿಕ್ಕೇಬಿಟ್ಟಿತು! ಖುಷಿಗೆ ಅಲ್ಲೇ ಒಂದು ಸುತ್ತು ತಿರುಗಿದೆ.

ಜೂನ್ 9, ಸೋಮವಾರ

ಮೂವತ್ತೊಂದು ಕಾಲ್. ಒಂದೂ ಕಟ್ಟಾಗಲಿಲ್ಲ. ಒಬ್ಬ ಮಹಾಶಯ ಇಪ್ಪತ್ತು ನಿಮಿಷ ಬೈದ — ನಾಲ್ಕನೇ ಮಹಡಿಯ ವಾಶ್‌ರೂಮಿನಲ್ಲಿ ಲ್ಯಾವೆಂಡರ್ ವಾಸನೆಯಂತೆ, ಅವನಿಗೆ ನಿಂಬೆಯದು ಬೇಕಂತೆ. ಕ್ಷಮೆ ಕೇಳಿದೆ. ಅಷ್ಟು ಹೊತ್ತೂ ನಾನು ಕಾಲ ಮೇಲೆ ಕಾಲು ಹಾಕಿ ತಡೆದುಕೊಂಡು ಕುಳಿತಿದ್ದೆ.

ಕೆಳಗಿಳಿದು ಫಿರೋಜ್ ಭಾಯಿಗೆ ಕೇಳಿದೆ, ಬಾತ್‌ರೂಮ್ ಎಲ್ಲಿ ಅಂತ. ನೆಲ ನೋಡಿದ. "ನಾವು ಗಂಡಸ್ರು ಹಿಂದ ಗ್ವಾಡಿ ಕಡಿ ಹೋಗ್ತೀವಿ ಅಕ್ಕಾ... ನಿಮಗ..."

ಒಂದಿದೆ. ಬೀಗ ಹಾಕಿದೆ. ಒಳಗೆ ಮಾಲೀಕರ ಸಿಮೆಂಟ್ ಚೀಲ.

ಜೂನ್ 10, ಮಂಗಳವಾರ

ಮಾಲೀಕ ಈಶಪ್ಪ ಸಾಹುಕಾರರನ್ನು ಕಂಡೆ. ಬೀಗ ತೆಗೆಸಿ ಎಂದೆ.

"ಹೆಣ್ಮಕ್ಕಳು ಬಜಾರಕ್ಕ ಬರ್ತಾರ, ಸಾಮಾನು ತಗೋತಾರ, ಮನಿಗಿ ಹೋಗ್ತಾರ. ಅವರಿಗ್ಯಾಕ ಬೇಕವ್ವಾ?"

ಅವರದೇ ಕಟ್ಟಡದ ಸೀರೆ ಅಂಗಡಿಯಲ್ಲಿ ಚಂದ್ರಕಲಾ ಅಕ್ಕ ಹದಿನಾಲ್ಕು ವರ್ಷದಿಂದ ನಿಂತಿದ್ದಾಳೆ, ದಿನಕ್ಕೆ ಹತ್ತು ತಾಸು. ಮೈಯೆಲ್ಲ ಉರಿದುಹೋಯಿತು. "ನಿಮ್ಮ ಮನ್ಯಾಗಿನವ್ರು ಬಂದ್ರ ಎಲ್ಲಿ ಕಳಸ್ತೀರಿ?" ಎಂದೆ. "ಬಾಯಿ ಜೋರದ ನಿಂದು" ಎಂದು ನಕ್ಕರು. ನಗುವಂಥದ್ದು ಏನಿತ್ತೋ!

ಇವತ್ತು ನೀರೇ ಕುಡಿಯಲಿಲ್ಲ. ಸಂಜೆಗೆ ತಲೆಸಿಡಿತ.

ಜೂನ್ 12, ಗುರುವಾರ

ಚಂದ್ರಕಲಾ ಅಕ್ಕ ತಾನೇ ಮೇಲೆ ಬಂದಳು. "ನೀರು ಬಿಡಬ್ಯಾಡ ತಂಗಿ, ಉರಿಮೂತ್ರ ಆಗ್ತದ. ನನಗ ಆಗ್ಯಾದ. ನಡಿ, ತೋರಸ್ತೀನಿ."

ಓಣಿಯ ತುದಿಯಲ್ಲೊಂದು ಹೆರಿಗೆ ಆಸ್ಪತ್ರೆ, ಒಳಗೆ ಹೆಂಗಸರ ಬಾತ್‌ರೂಮ್. ಹೆತ್ತವರ ಹೆಸರು ಬಾಗಿಲ ಬೋರ್ಡಿನ ಮೇಲೆ ಬರೆದಿರುತ್ತಾರೆ. ಒಂದು ಹೆಸರು ನೋಡಿಕೊಂಡು, ಕೈಯಲ್ಲಿ ಟಿಫಿನ್ ಡಬ್ಬಿ ಹಿಡಿದು ಒಳಗೆ ಹೋಗಬೇಕು. "ಯಾರ ಕಡೆಯವ್ರು?" ಎಂದು ಆಯಾ ಕೇಳಿದರೆ ಆ ಹೆಸರು. ಬಳೆ ಅಂಗಡಿಯವಳು, ಮೆಡಿಕಲ್ ಶಾಪಿನವಳು, ಹೂವಿನವಳು — ಎಲ್ಲರೂ ಹೀಗೇ ಅಂತೆ. ಶಹಾಪುರದಲ್ಲಿ ಯಾರು ಹೆತ್ತರೂ ಬಜಾರಿನ ಹೆಂಗಸರಿಗೆಲ್ಲ ನೆಂಟಸ್ತಿಕೆ! ಇವತ್ತು ನಾನು ರೇಣುಕಾದೇವಿಯ ಕಡೆಯವಳು. ಗಂಡು ಮಗುವಂತೆ.

ಚಂದ್ರಕಲಾ ಅಕ್ಕ ನಗುತ್ತ ನಗುತ್ತ ಹೇಳಿದಳು. ನನಗೆ ಅಳು ಬಂತು, ಸಿಟ್ಟಿಗೆ.

ಜೂನ್ 19, ಗುರುವಾರ

ಒಂದೂವರೆಗೆ ಊಟದ ಬಿಡುವು. ಬೋರ್ಡಿನಲ್ಲಿ ಒಂದೇ ಹೆಸರು — ಹಣಮಂತಮ್ಮ, ಸುರಪುರ. ಆಯಾ ಕೇಳಿದಳು, ಹೇಳಿದೆ. ತಟ್ಟನೆ ನನ್ನ ರಟ್ಟೆ ಹಿಡಿದಳು.

"ಈಗ ಬಂದೇನವ್ವಾ? ಮುಂಜಾನಿಂದ ಒಬ್ಬಾಕಿನೇ ಬಿದ್ದಾಳ. ಬಾ, ಬಾ."

ಎಳೆದುಕೊಂಡೇ ಹೋದಳು. ಮಂಚದ ಮೇಲೆ ಹುಡುಗಿ, ಇಪ್ಪತ್ತೊಂದು ಇರಬಹುದು. ನಿನ್ನೆ ಹೆತ್ತವಳು. ಅವಳ ತಾಯಿ ಬಟ್ಟೆ ತರಲು ಮುಂಜಾನೆ ಊರಿಗೆ ಹೋದವಳು ಇನ್ನೂ ಬಂದಿಲ್ಲ. ತೊಡೆಯ ಮೇಲೆ ಕೂಸು. ಈಗ ನನ್ನ ಮಾನ ಹೋಯಿತು ಅಂದುಕೊಂಡೆ. ಆಯಾ ಅತ್ತ ಹೋಗುವುದನ್ನೇ ಕಾದು ಹುಡುಗಿ ಕೂಸನ್ನು ನನ್ನ ಕೈಗಿಟ್ಟಳು.

"ನೀ ಯಾರರ ಇರು ಯಕ್ಕಾ. ಜರಾ ಹಿಡಿ. ಮುಂಜಾನಿಂದ ತಡಕೊಂಡು ಕುಂತೀನಿ. ಕೂಸಿನ್ನ ಬಿಟ್ಟು ಹ್ಯಾಂಗ ಹೋಗ್ಲಿ?"

ಗೋಡೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಹೋದಳು. ನಾನು ಬಂದ ಕೆಲಸ ಹಾಗೇ ಉಳಿಯಿತು. ಗಂಟೆ ಎರಡಾಯಿತು, ಬಿಡುವು ಮುಗಿಯಿತು. ಲಾಗಿನ್ ಫೋನಿನಲ್ಲೂ ಇದೆ, ರಿಂಗಾಯಿತು. ಎತ್ತಿದೆ. ಅದೇ ಹೊತ್ತಿಗೆ ಕೂಸು ಕಿರುಚಿತು.

"ಏನ್ರೀ ಇದು, ಆಫೀಸಾ ಆಸ್ಪತ್ರೆನಾ?"

"ಆಸ್ಪತ್ರೆ ಸರ್" ಎಂದೆ. ಕಟ್ ಮಾಡಿದ. ಮೂರನೆಯದು.

ಹಣಮಂತಮ್ಮ ಬಂದು ಕೂಸನ್ನು ಇಸಿದುಕೊಂಡಳು. ನನ್ನ ಮುಖ ನೋಡಿದಳು. "ಹೋಗಿ ಬಾ ಯಕ್ಕಾ. ಯಾರರ ಕೇಳಿದ್ರ ನಾ ಹೇಳ್ತೀನಿ, ನಮ್ಮಾಕಿ ಅಂತ."

ಜೂನ್ 20, ಶುಕ್ರವಾರ, ಬೆಳಿಗ್ಗೆ 11

ಮೇಲ್ ಬಂದಿದೆ. ಹನ್ನೆರಡರೊಳಗೆ ಕಾರಣ ತುಂಬಬೇಕು. ನೆಟ್‌ವರ್ಕ್, ಕರೆಂಟ್, ಅನಾರೋಗ್ಯ, ಇತರೆ — ಒಂದನ್ನು ಒತ್ತಬೇಕು. ಸರಿತಾ ಮೇಡಂ ಮೆಲ್ಲಗೆ ಫೋನು ಮಾಡಿದರು: "ಅನಾರೋಗ್ಯ ಅಂತ ಹಾಕಿ ನಂದಿನಿ. ಆಸ್ಪತ್ರೆಲೇ ಇದ್ರಿ ತಾನೆ? ಕೆಲಸ ಉಳಿಯುತ್ತೆ." ಒಳ್ಳೆಯ ಹೆಂಗಸು. ಬೆರಳು ಅದರ ಮೇಲೇ ಹೋಯಿತು.

ನನಗೇನು ರೋಗ ಬಂದಿದೆ? ಹೋಗುವುದಕ್ಕೆ ದಿನಾ ಒಂದು ಸುಳ್ಳು. ಈಗ ಹೋದದ್ದಕ್ಕೂ ಒಂದು ಸುಳ್ಳೇ? ಈ ಕೆಲಸ ಬೇಕು ನನಗೆ, ಬಹಳ ಬೇಕು. ಆದರೂ...

'ಇತರೆ' ಒತ್ತಿದೆ. ಕಳಿಸುವ ಮೊದಲು ಇಲ್ಲಿ ಬರೆದು ನೋಡುತ್ತೇನೆ —

ಮೇಡಂ, ನೆಟ್ ಇತ್ತು. ಕರೆಂಟ್ ಇತ್ತು. ನಾನೂ ಗಟ್ಟಿಯಾಗೇ ಇದ್ದೆ. ಉಚ್ಚೆಗೆ ಹೋಗಿದ್ದೆ. ನಾನು ಕೂರುವ ಕಟ್ಟಡದಲ್ಲಿ ಹೆಂಗಸರಿಗೆ ಬಾತ್‌ರೂಮ್ ಇಲ್ಲ; ಇದ್ದ ಒಂದಕ್ಕೆ ಬೀಗ, ಒಳಗೆ ಸಿಮೆಂಟ್ ಚೀಲ.