ಹಕಾರ ಬಾರದ ಯಂತ್ರ

೧೧ ಜೂನ್ ೨೦೦೨, ಮಂಗಳವಾರ

ಬೆಳಿಗ್ಗೆ ಗಂಜಿ, ಇವರ ಕತ್ತಿನ ಬಟ್ಟೆ ಒಗೆತ, ಎಂಟೂಕಾಲರ ಬಸ್ಸು. ಎಂದಿನಂತೆ. ಹೊರಡುವಾಗ ಇವರು ಸ್ಲೇಟು ತೋರಿಸಿದರು — 'ಬಳಪ ಮುಗೀತು'. ಸ್ಕೂಲಿನಿಂದ ನಾಲ್ಕು ತುಂಡು ತಂದೆ. ಟೀಚರ್ ಆಗಿದ್ದಕ್ಕೆ ಇದೊಂದು ಸವಲತ್ತು. ಇಪ್ಪತ್ತೆರಡು ವರ್ಷ ಎಪಿಎಂಸಿ ಯಾರ್ಡಿನಲ್ಲಿ ತರಕಾರಿ ಹರಾಜು ಕೂಗಿದ ಚೆಲುವರಾಜು ಹೆಂಡತಿಯ ಹತ್ತಿರ ಬಳಪ ಕೇಳುವುದು! ಕ್ಯಾನ್ಸರ್ ಅಂತ ಧ್ವನಿಪೆಟ್ಟಿಗೆ ತೆಗೆದು ಇಂದಿಗೆ ಹದಿನಾಲ್ಕು ತಿಂಗಳು.

ಸಂಜೆ ಕೃಷ್ಣಮೂರ್ತಿಪುರಂ ಸೈಬರ್ ಸೆಂಟರ್. ಟೀಚರುಗಳೆಲ್ಲ ಕಂಪ್ಯೂಟರ್ ಕಲಿಯಬೇಕಂತೆ, ಇಲಾಖೆಯ ಸುತ್ತೋಲೆ. ಕಲಿಸುವವರು ಯಾರು ಅಂತ ಸುತ್ತೋಲೆಯಲ್ಲಿಲ್ಲ. ಸೆಂಟರಿನ ಲಕ್ಷ್ಮೀನರಸಿಂಹ ಮೊದಲು ಎಸ್‌ಟಿಡಿ ಬೂತ್ ಇಟ್ಟಿದ್ದವರು. ಸಿಡುಕ. ಆದರೂ ಹೇಳಿಕೊಡುತ್ತಾರೆ.

"ಏನ್ ಬೇಕೋ ಇಂಗ್ಲಿಷಲ್ಲಿ ಟೈಪ್ ಮಾಡಿ ಮೇಡಂ. ಅಡುಗೆನೋ, ಜಾತಕನೋ."

ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ವಾಯ್ಸ್ ಬಾಕ್ಸ್ ರಿಮೂವ್ಡ್. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಫೋಟೋ, ಪರದೆ ಇಳಿದ ಹಾಗೆ ಮೇಲಿಂದ ಕೆಳಕ್ಕೆ ಬಂತು. ಯಾರೋ ಮುದುಕ. ಟಾರ್ಚಿನಂಥ ಯಂತ್ರವನ್ನು ಕತ್ತಿಗೆ ಒತ್ತಿಕೊಂಡಿದ್ದಾನೆ. ಇನ್ನೊಂದು ಕೈಯಲ್ಲಿ ಫೋನು. ಕೆಳಗೆ ಬರೆದಿತ್ತು — ಯಂತ್ರದ ನಡುಕ ಚರ್ಮದ ಮೂಲಕ ಬಾಯೊಳಗೆ ಹೋಗುತ್ತದೆ, ನಾಲಗೆ ತುಟಿ ಅದನ್ನೇ ಮಾತು ಮಾಡುತ್ತವೆ. ಧ್ವನಿಪೆಟ್ಟಿಗೆ ಬೇಕಾಗಿಲ್ಲ. ಹಲವು ದಶಕಗಳಿಂದ ಇದೆಯಂತೆ.

ಹಲವು ದಶಕ! ಅಡುಗೆ, ಜಾತಕ ಹುಡುಕುವ ಜಾಗದಲ್ಲಿ ಇದು ನನಗೆ ಸಿಗಬೇಕೇ? ಆಸ್ಪತ್ರೆಯಲ್ಲಿ ಅಷ್ಟು ಜನ ಬಿಳಿ ಕೋಟು ಹಾಕಿಕೊಂಡು ಓಡಾಡುತ್ತಿದ್ದರಲ್ಲ... ಒಬ್ಬನಾದರೂ ಬಾಯಿ ಬಿಟ್ಟನೇ?

೧೪ ಜೂನ್, ಶುಕ್ರವಾರ

ಅರ್ಧ ದಿನ ರಜೆ ಹಾಕಿ ಆಸ್ಪತ್ರೆಗೆ ಹೋದೆ. ಆಪರೇಷನ್ ಮಾಡಿದ ಡಾಕ್ಟರೇ ಸಿಕ್ಕರು. ಪ್ರಿಂಟ್ ತೆಗೆಸಿದ್ದ ಹಾಳೆ ಮುಂದಿಟ್ಟೆ.

"ಓ, ಇದಾ. ಗೊತ್ತು ಗೊತ್ತು."

"ಗೊತ್ತಿದ್ದೂ ಯಾಕೆ ಹೇಳಲಿಲ್ಲ ಸಾರ್?"

"ಹೊರದೇಶದ್ದಮ್ಮ ಇದು. ನಿಮ್ಮ ಯಜಮಾನ್ರು ತರಕಾರಿ ಮಾರ್ಕೆಟ್ಟಲ್ಲಿ ತಾನೇ ಇದ್ದದ್ದು? ತರಿಸೋಕಾಗಲ್ಲ, ಸುಮ್ನೆ ಆಸೆ ಹುಟ್ಟಿಸೋದ್ಯಾಕೆ ಅಂತ."

ಆಸೆ ಹುಟ್ಟಿಸಬಾರದಂತೆ! ಯಾರಿಗೆ ಆಸೆ ಇರಬೇಕು ಅನ್ನುವುದನ್ನೂ ಇವರೇ ಚೀಟಿಯಲ್ಲಿ ಬರೆದುಕೊಡುತ್ತಾರೋ! ಹಾಳೆ ಮಡಿಸಿಕೊಂಡೆ. "ಜೀವ ಉಳಿಸಿದ್ರಿ, ಅದಕ್ಕೆ ಕೈ ಮುಗೀತೀನಿ. ಇದಕ್ಕೆ ಮುಗಿಯಲ್ಲ" ಅಂದು ಎದ್ದು ಬಂದೆ. ಬಸ್ಸಿನಲ್ಲಿ ಕೂತ ಮೇಲೆ, ಇನ್ನೂ ಅನ್ನಬೇಕಿತ್ತು ಅನ್ನಿಸಿತು.

ಇವರಿಗೆ ಹಾಳೆ ತೋರಿಸಿದೆ. ತುಂಬಾ ಹೊತ್ತು ನೋಡಿದರು. ಸ್ಲೇಟಿನಲ್ಲಿ ಒಂದೇ ಪದ — 'ಬೇಡ'.

೨ ಜುಲೈ

ಸೈಬರಿಗೆ ದಿನಾ ಹೋಗುತ್ತಿದ್ದೇನೆ. ಧ್ವನಿ ಕಳೆದುಕೊಂಡವರದೇ ಒಂದು ಗುಂಪು ಇದೆ ಇಂಟರ್‌ನೆಟ್ಟಿನಲ್ಲಿ. ಒಬ್ಬರು ಕೇಳುತ್ತಾರೆ, ಊರೂರಿನವರು ಉತ್ತರ ಬರೆಯುತ್ತಾರೆ. ಸ್ನಾನ ಮಾಡುವಾಗ ಉಸಿರಾಡಲು ಕತ್ತಿನಲ್ಲಿ ಮಾಡಿದ ತೂತಿಗೆ ನೀರು ಹೋಗದ ಹಾಗೆ ಏನು ಕಟ್ಟಬೇಕು, ಯಾವ ಬ್ಯಾಟರಿ ಎಷ್ಟು ದಿನ ಬರುತ್ತದೆ... ಎಲ್ಲ ಸಣ್ಣ ಸಣ್ಣ ಸಂಗತಿ. ಡಿಸ್ಚಾರ್ಜ್ ದಿನ ನಮಗೆ ಹೇಳಿದ್ದು ಎರಡೇ — ಈಜಬೇಡಿ, ಧೂಳಿಗೆ ಹೋಗಬೇಡಿ.

ನಾನೂ ಬರೆದೆ, ತಪ್ಪು ಇಂಗ್ಲಿಷಿನಲ್ಲಿ. ಮೈಸೂರು, ಗಂಡ, ಯಂತ್ರ ಎಲ್ಲಿ ಸಿಗುತ್ತದೆ.

೫ ಜುಲೈ

ಉತ್ತರ! ಕನ್ನಡದಲ್ಲಿ — ಇಂಗ್ಲಿಷ್ ಅಕ್ಷರದ ಕನ್ನಡ. ಗಟ್ಟಿಯಾಗಿ ಓದಿದರೆ ಮಾತ್ರ ಅರ್ಥವಾಗುವುದು. ಓದಿದೆ, ಪಕ್ಕದ ಕಂಪ್ಯೂಟರಿನವರು ತಿರುಗಿ ನೋಡಿದರು. ನೋಡಲಿ.

ಬರೆದವರು ಭಾಗ್ಯಮ್ಮ. ತವರು ನಂಜನಗೂಡು, ಇರುವುದು ಸೊಲ್ಲಾಪುರದಲ್ಲಿ. 'ನಮ್ಮ ಯಜಮಾನರಿಗೂ ಇದೇ ಆಗಿತ್ತು. ಮುಂಬೈಯಲ್ಲಿ ಯಂತ್ರ ತೆಗೆದುಕೊಂಡಿದ್ದರು. ಆರು ವರ್ಷ ಅದರಲ್ಲೇ ಮಾತಾಡಿದರು. ಹೋದ ವರ್ಷ ಹಾರ್ಟ್ ಅಟ್ಯಾಕ್‌ನಲ್ಲಿ ತೀರಿಕೊಂಡರು. ಯಂತ್ರ ಬೀರುವಿನಲ್ಲಿದೆ. ನಿಮಗೆ ಕಳಿಸುತ್ತೇನೆ. ದುಡ್ಡಿನ ಮಾತೆತ್ತಿದರೆ ಕಳಿಸುವುದಿಲ್ಲ.'

ಲಕ್ಷ್ಮೀನರಸಿಂಹ ಕನ್ನಡಕ ಮೇಲೆ ಮಾಡಿ ಪೂರ್ತಿ ಓದಿದರು. ಇವತ್ತು ಒಂದು ಗಂಟೆ ಜಾಸ್ತಿ ಕೂತರೂ ಗಡಿಯಾರ ನೋಡಲಿಲ್ಲ.

೧೯ ಜುಲೈ

ಪಾರ್ಸೆಲ್ ಬಂತು. ಹಳೇ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿದ್ದರು. ಬ್ಯಾಟರಿ ಹಾಕಿ ಒತ್ತಿದರೆ ಸದ್ದೇ ಇಲ್ಲ. ಇವರು 'ನಾನು ಹೇಳಲಿಲ್ವಾ' ಅನ್ನುವ ಮುಖ ಮಾಡಿ ಪೇಪರ್ ಬಿಡಿಸಿದರು. ಆ ಮುಖಕ್ಕೆ ಬಳಪ ಬೇಕಾಗಿಲ್ಲ.

೨೦ ಜುಲೈ, ಮಧ್ಯಾಹ್ನ

ಗುಂಪಿನಲ್ಲಿ ಕೇಳಿದ್ದಕ್ಕೆ ಯಾರೋ ಬರೆದರು — ಬ್ಯಾಟರಿ ತಾಗುವ ತಗಡು ಹಸಿರುಗಟ್ಟಿರುತ್ತದೆ, ಪೆನ್ಸಿಲ್ ರಬ್ಬರಿನಿಂದ ಉಜ್ಜಿ. ರಬ್ಬರಿಗೇನು ಬರ, ನಾಲ್ಕನೇ ಕ್ಲಾಸಿನ ಟೀಚರಿಗೆ! ಉಜ್ಜಿದೆ. ಒತ್ತಿದೆ. ಝೂಂ... ಅಂತು. ಕೂಗಿಬಿಟ್ಟೆ.

೨೧ ಜುಲೈ, ಭಾನುವಾರ

ಆಗಬಾರದ್ದು ಆಯಿತು. ಬೆಳಿಗ್ಗೆ ಬಲವಂತ ಮಾಡಿ ಇವರ ಕತ್ತಿಗೆ ಹಿಡಿಸಿದೆ. ಬರೀ ಝೂಂ, ಮಾತು ಹೊರಡದು. ಅಷ್ಟರಲ್ಲಿ ಮೈದುನ ಶಾಮಣ್ಣ ಬಂದ. ಇವರು ಇನ್ನೊಮ್ಮೆ ಒತ್ತಿ "ಬಾ" ಅಂದಿದ್ದು ದುಂಬಿ ಡಬ್ಬಿಯಲ್ಲಿ ಸಿಕ್ಕಿಕೊಂಡ ಹಾಗೆ ಕೇಳಿಸಿತು. ಶಾಮಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

"ಇದೇನಣ್ಣ, ಗಡ್ಡ ಕೆರ್ಯೋ ಮಿಷಿನ್ ನುಂಗ್ಬುಟ್ಟಿದೀಯಾ ಎಂಗೆ!"

ಇವರು ಯಂತ್ರ ಬೀರುವಿಗೆ ಹಾಕಿ ಬೀಗ ಜಡಿದರು. ನಾನು ಶಾಮಣ್ಣನಿಗೆ ಕಾಫಿ ಕೊಡಲಿಲ್ಲ. ಜನ್ಮದಲ್ಲಿ ಕೊಡುವುದಿಲ್ಲ.

೧೧ ಆಗಸ್ಟ್, ಭಾನುವಾರ

ಮೂರು ವಾರ ಬರೆಯಲಿಲ್ಲ. ಬರೆಯಲು ಏನಿದೆ? ಯಂತ್ರ ಒಂದು ಬೀರುವಿನಿಂದ ಇನ್ನೊಂದು ಬೀರುವಿಗೆ ಬಂತು, ಅಷ್ಟೇ. ಭಾಗ್ಯಮ್ಮನವರ ಇ-ಮೇಲ್ ಬಂದಿದೆ — 'ಮಾತಾಡಿದರೇ?' ಉತ್ತರಿಸಲು ಮುಖವಿಲ್ಲ.

ಇಷ್ಟು ದಿನ ಸಿಟ್ಟು ಡಾಕ್ಟರ ಮೇಲಿತ್ತು. ಈಗ ಇವರ ಮೇಲೆ. ಸಿಗಲಿಲ್ಲ ಅಂತ ಸುಮ್ಮನಿರುವುದು ಬೇರೆ. ಸಿಕ್ಕಿದ್ದಕ್ಕೆ ಬೀಗ ಹಾಕುವುದು...

೧೩ ಆಗಸ್ಟ್

ಇವತ್ತು ಗುಂಪಿನಲ್ಲಿ ಓದಿದ್ದು. ಯಂತ್ರ ಹಿಡಿಯುವ ಜಾಗ ಒಬ್ಬೊಬ್ಬರಿಗೆ ಒಂದೊಂದು ಕಡೆ. ದವಡೆಯ ಕೆಳಗೆ ಕಾಳಷ್ಟು ಜಾಗ. ಸಿಕ್ಕಿದ ತಕ್ಷಣ ಬಾಲ್‌ಪೆನ್ನಿನಿಂದ ಚುಕ್ಕೆ ಇಟ್ಟುಬಿಡಬೇಕು. ಯಂತ್ರದ ಬಾಯಿ ಪೂರ್ತಿ ಕೂರಬೇಕು, ಅಂಚು ಎದ್ದರೆ ಝೂಂ ಅಷ್ಟೇ ಕೇಳುವುದು. ಗುಂಡಿ ಒತ್ತಿಯೇ ಇರಬಾರದು, ಉಸಿರು ತೆಗೆದುಕೊಳ್ಳುವ ಕಡೆ ಬಿಡಬೇಕು. ಹ ಮಾತ್ರ ಬರುವುದೇ ಇಲ್ಲವಂತೆ, ಅದಕ್ಕೆ ಎದೆಯ ಗಾಳಿ ಬೇಕು. ಬರದಿದ್ದರೆ ಹೋಗಲಿ. ಇವರ ವಂಶದಲ್ಲಿ ಯಾರು ಹ ಅಂದಿದ್ದಾರೆ? ಮದುವೆಯಾದಾಗಿನಿಂದ ಅಂಗೇ, ಇಂಗೇ, ಎಂಗೇ ಕೇಳಿಕೊಂಡೇ ಬಂದಿದ್ದೇನೆ.

ಇನ್ನೊಂದು ಸಂಗತಿ. ಧ್ವನಿ ಇದ್ದವರೂ ಇದರಲ್ಲಿ ಮಾತಾಡಬಹುದಂತೆ. ಉಸಿರು ಬಿಗಿಹಿಡಿದು ತುಟಿ ಆಡಿಸಿದರೆ ಸಾಕು.

ಬೀಗದ ಕೈ ಎಲ್ಲಿಡುತ್ತಾರೆ ಅಂತ ನನಗೆ ಗೊತ್ತು.

೧೮ ಆಗಸ್ಟ್, ಭಾನುವಾರ

ನಾಲ್ಕು ದಿನ ಸ್ಟಾಫ್ ರೂಮಿನ ಬಾಗಿಲು ಹಾಕಿಕೊಂಡು ನಾನೇ ಅಭ್ಯಾಸ ಮಾಡಿದೆ. ಇವತ್ತು ಬೆಳಿಗ್ಗೆ ಕತ್ತಿನ ಮೇಲೆ ಚುಕ್ಕೆ ಇಟ್ಟುಕೊಂಡು ಇವರ ಮುಂದೆ ನಿಂತು ಒತ್ತಿದೆ.

"ಕಾಫಿ — ಕುಡೀತೀರಾ?"

ದುಂಬಿ ದನಿಯೇ. ಆದರೆ ಪದ ಪದ ತಿಳಿಯುತ್ತಿತ್ತು. ಇವರ ಕೈಯಿಂದ ಪೇಪರ್ ಬಿತ್ತು.

"ನೀವು — ಮಾತಾಡೋ ತನಕ — ನಾನೂ — ಇದರಲ್ಲೇ."

ಸ್ಲೇಟಿನಲ್ಲಿ ದೊಡ್ಡದಾಗಿ — 'ತಲೆ ಕೆಟ್ಟಿದೆಯಾ'. ತಲೆಯಾಡಿಸಿದೆ. ಹೌದು. ಚೀಲ ತೆಗೆದುಕೊಂಡು ತರಕಾರಿಗೆ ಹೊರಟೆ, ಯಂತ್ರ ಕೈಯಲ್ಲೇ. ಬರುವುದಿಲ್ಲ ಅಂದುಕೊಂಡಿದ್ದೆ. ಗೇಟಿನ ಸದ್ದಾಯಿತು. ಹಿಂದೆಯೇ ಬಂದರು, ಕತ್ತಿಗೆ ಬಟ್ಟೆ ಸುತ್ತಿಕೊಂಡು.

ರಾಮಕೃಷ್ಣನಗರದ ಸರ್ಕಲ್ಲು. ಗಾಡಿಯವನ ಮುಂದೆ ನಿಂತು ಒತ್ತಿದೆ — "ಬೀನ್ಸ್ — ಅರ್ಧ ಕೆಜಿ." ಗಾಡಿಯವನು ಕೈಲಿದ್ದ ತಕ್ಕಡಿ ಕೆಳಗಿಟ್ಟ. ಇಬ್ಬರು ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ಸ್ಕೂಟರಿನವನೊಬ್ಬ ನಿಲ್ಲಿಸಿಯೇ ಬಿಟ್ಟ. ಗಾಡಿಯವನಿಗೆ ನಗು ತಡೆಯಲಾಗಲಿಲ್ಲ. "ಏನ್ ಮೇಡಂ, ರೇಡಿಯೋ ಸ್ಟೇಷನ್ ಸಿಗ್ತಿಲ್ವಾ?" ಎಲ್ಲರೂ ಗೊಳ್ಳೆಂದರು. ಮುಖಕ್ಕೆ ಬಿಸಿ ರಾಚಿದಂತಾಯಿತು. ಹದಿನಾರು ತಿಂಗಳು ಇವರು ಏನನ್ನು ನುಂಗಿಕೊಂಡಿದ್ದರು ಅಂತ ಆಗ ತಿಳಿಯಿತು. ಬೀರುವಿನ ಬೀಗವೂ ಅರ್ಥವಾಯಿತು. ಆದರೂ ಜಗ್ಗಲಿಲ್ಲ. ಮತ್ತೆ ಒತ್ತಿದೆ — "ಅರ್ಧ — ಕೆಜಿ."

ನಗು ಜಾಸ್ತಿಯಾಯಿತು. ಹಿಂದಿನಿಂದ ಒಂದು ಕೈ ಬಂದು ಯಂತ್ರ ಕಿತ್ತುಕೊಂಡಿತು. ಇವರು ಬಟ್ಟೆ ಸರಿಸಿ, ಕತ್ತಿನ ತೂತು ಎಲ್ಲರಿಗೂ ಕಾಣುವ ಹಾಗೆಯೇ, ದವಡೆಯ ಕೆಳಗೆ ಒತ್ತಿದರು. ಮೊದಲು ಝೂಂ. ಸ್ವಲ್ಪ ಹಿಂದಕ್ಕೆ ಸರಿಸಿದರು.

"ಯಾಕ್ಲಾ — ನಗ್ತೀಯೆ — ಅವಳ್ನ?"

ಹೆಂಗಸರ ಸೆರಗು ಬಾಯಿಂದ ಕೆಳಗಿಳಿಯಿತು.

"ಬೀನ್ಸು — ನೆನ್ನೇದು. ಮ್ಯಾಲೆ — ನೀರ್ ಒಡ್ದಿದೀಯ. ಅಡೀದು — ತೆಗಿ."

ಗಾಡಿಯವನು ಕಣ್ಣು ಕಿರಿದು ಮಾಡಿ ನೋಡಿದ. "ಅಯ್ಯೋ... ಯಾರ್ಡಿನ ಚೆಲುವರಾಜಣ್ಣ ಅಲ್ವಾ? ಗೊತ್ತಾಗ್ನಿಲ್ಲ ಕಣಣ್ಣ, ತಪ್ಪಾಯ್ತು." ಅಡಿಯ ಬೀನ್ಸ್ ತೆಗೆದು ತೂಗಿದ.

ದಾರಿಯುದ್ದಕ್ಕೂ ಬೈದರು. ನನಗೆ ಮಾನ ಇಲ್ಲವಂತೆ, ನಾನು ಹುಚ್ಚಿಯಂತೆ, ನಮ್ಮಪ್ಪನ ಮನೆಯವರೆಲ್ಲ ಮೊಂಡರಂತೆ. ಒಂದೊಂದು ಬೈಗುಳಕ್ಕೂ ನಿಂತು, ಜಾಗ ಹುಡುಕಿ, ಒತ್ತಿ. ಮನೆ ಸೇರಲು ಮುಕ್ಕಾಲು ಗಂಟೆ. ಅಳುತ್ತಲೇ ನಡೆದೆ, ತಿರುಗಿ ನೋಡಲಿಲ್ಲ. ಬಾಗಿಲಲ್ಲಿ ನಿಲ್ಲಿಸಿ ಇವರ ದವಡೆಯ ಕೆಳಗೆ ಚುಕ್ಕೆ ಇಟ್ಟೆ.

೩೦ ಆಗಸ್ಟ್

ಯಾರ್ಡಿಗೆ ಹೋಗಿದ್ದರು. ತರಕಾರಿ ಮಂಡಿಯ ಮಾಲೀಕರು ಇನ್ನು ಹರಾಜು ಕೂಗಿಸುವುದಿಲ್ಲವಂತೆ. ಗಿರಾಕಿಗಳಿಗೆ ಸರಿಯಾಗಿ ಕೇಳುವುದಿಲ್ಲವಂತೆ, ಹಿಂದೆ ಕೂತು ತೂಕದ ಚೀಟಿ ಬರಿ ಅಂದರಂತೆ. ಇಪ್ಪತ್ತೆರಡು ವರ್ಷ ಇವರ ಗಂಟಲಿನ ಮೇಲೆ ಮಂಡಿ ನಡೆಸಿ, ಈಗ ಚೀಟಿ ಬರೆಯಬೇಕಂತೆ! ನಾನೇ ಹೋಗಿ ಕೇಳುತ್ತೇನೆ ಅಂದೆ.

"ಬ್ಯಾಡ. ನಾನೇ — ಕೇಳ್ಬುಟ್ಟು ಬಂದೆ."

"ಏನಂತ?"

"ಮೈಕ್ — ಕೊಡಿ — ಅಂತ."

ನನಗೇ ಹೊಳೆದಿರಲಿಲ್ಲ. ಕೊಡುತ್ತಾರೋ ಇಲ್ಲವೋ. ಸೋಮವಾರ ಹೇಳುತ್ತಾರಂತೆ. ಕೊಡದಿದ್ದರೆ ನನ್ನ ಬಾಯಿ ಇದೆ.

೧ ಸೆಪ್ಟೆಂಬರ್, ಭಾನುವಾರ, ಬೆಳಿಗ್ಗೆ ಹತ್ತೂವರೆ

ಪಾರ್ಸೆಲ್ ಮೇಲಿದ್ದ ನಂಬರ್ ನೋಡಿ ಮನೆಯಿಂದಲೇ ಭಾಗ್ಯಮ್ಮನವರಿಗೆ ಫೋನ್ ಮಾಡಿದೆವು. ಇವರೇ ಥ್ಯಾಂಕ್ಸ್ ಹೇಳಬೇಕು ಅಂತ ಹಟ. ಫೋನಿಗೂ ಒಂದು ಉಪಾಯ ಓದಿದ್ದೆ — ರಿಸೀವರಿನ ಬಾಯಿ ಯಂತ್ರದ ಹತ್ತಿರ ತರಬಾರದು, ಮೂಗಿನ ಪಕ್ಕ ಹಿಡಿಯಬೇಕು. ಹಾಗೆಯೇ ಇವರ ಇನ್ನೊಂದು ಕೈಗೆ ಹಿಡಿಸಿದೆ. ನಾನೂ ಕಿವಿ ಆನಿಸಿ ನಿಂತೆ.

"ಅಕ್ಕಾ — ನಾನು — ಚೆಲುವರಾಜು. ಮೈಸೂರು."

ಲೈನ್ ಕಟ್ ಆಯಿತು ಅಂದುಕೊಂಡೆ. ಆಮೇಲೆ ಉಸಿರು ಕೇಳಿಸಿತು.

"ಅವರದೇ ದನಿ..." ಅಂದರು ಭಾಗ್ಯಮ್ಮ.

ಆಗ ಹೊಳೆಯಿತು. ಯಂತ್ರ ಒಂದೇ, ದನಿ ಒಂದೇ. ಆರು ವರ್ಷ ಆ ಮನೆಯಲ್ಲಿ ಕಾಫಿ ಕೇಳಿದ ದನಿ, ಸಿಟ್ಟು ಮಾಡಿದ ದನಿ. ನಾನು ಎಂಥ ಪೆದ್ದಿ, ಎಚ್ಚರಿಕೆ ಕೊಟ್ಟು ಫೋನ್ ಮಾಡಬಾರದಿತ್ತೇ! ಇಡಿ ಇಡಿ ಅಂತ ಇವರಿಗೆ ಸನ್ನೆ ಮಾಡಿದೆ. ಅಷ್ಟರಲ್ಲಿ ಆಕೆಯೇ —

"ಇಡಬೇಡಿ ಅಣ್ಣ. ಇನ್ನೊಂದಿಷ್ಟು ಮಾತಾಡಿ. ಏನಾದ್ರೂ ಸರಿ."

ಇವರು ನನ್ನ ಮುಖ ನೋಡಿದರು. ಕಂಡರಿಯದ ಹೆಂಗಸಿನ ಹತ್ತಿರ ಏನು ಮಾತಾಡುವುದು? ಗಂಟಲು ಸರಿಮಾಡಿಕೊಳ್ಳುವ ಹಾಗೆ ಕತ್ತು ಎತ್ತಿದರು, ಹಳೇ ಅಭ್ಯಾಸ. ಯಂತ್ರ ಒತ್ತಿ, ಮೊನ್ನೆ ಯಾರ್ಡಿನಲ್ಲಿ ಕಂಡ ಮಾಲು ಹೇಳಲು ಶುರು ಮಾಡಿದರು. ನಂಜನಗೂಡಿನ ರಸಬಾಳೆ — ಒಂದು ಗಾಡಿ, ಚೆನ್ನಾಗಿದೆ. ಈರನಗೆರೆ ಬದನೆ — ಎಳೇದು. ಎಲೆಕೋಸು — ಉಳ ಇದೆ, ತಗೋಬೇಡಿ.

ಆ ಕಡೆಯಿಂದ ಹೂಂ... ಹೂಂ... ಅಷ್ಟೇ.

ಇಪ್ಪತ್ತು ನಿಮಿಷವಾಯಿತು. ಕುರ್ಚಿ ಎಳೆದು ಕೂತು ಇದನ್ನು ಬರೆಯುತ್ತಿದ್ದೇನೆ. ಎಸ್‌ಟಿಡಿ ಬಿಲ್ಲು ಏರಲಿ. ಇವರು ಮೂಲಂಗಿಗೆ ಬಂದಿದ್ದಾರೆ. ಬ್ಯಾಟರಿ ಇಳಿದು ದನಿ ಸಣ್ಣಗಾಗುತ್ತಿದೆ, ಒಳಗೆ ಹೊಸದು ಇರಬೇಕು, ಎದ್ದು ತರುತ್ತೇನೆ.