ಹಗ್ಗ ಹೊಸೆಯುವ ಯಂತ್ರ

ರೀ,

ಸಾರು ಬಿಸಿ ಮಾಡಿಕೊಳ್ಳಿ. ಅನ್ನಕ್ಕೆ ನೀವೇ ಇಡಿ.

ನಾನು ಹಳೇಕೋಟೆಗೆ, ನಿಮ್ಮಕ್ಕನ ಮನೆಗೆ ಹೋಗುತ್ತಿದ್ದೇನೆ. ಪ್ಲಾಸ್ಟಿಕ್ಕಿನ ಆಟಿಕೆ ಇಟ್ಟಿಗೆ, ಹಲ್ಲುಚಕ್ರ ಜೋಡಿಸಿ ನಾನು ಮಾಡಿದ್ದ ಹಗ್ಗ ಹೊಸೆಯುವ ಯಂತ್ರವನ್ನು ನಿನ್ನೆ ನನ್ನನ್ನು ಕೇಳದೆ ಅವರಿಗೆ ಕೊಟ್ಟುಬಿಟ್ಟಿರಿ. ಹಿಡಿ ತಿರುಗಿಸಿದರೆ ನಿಜವಾಗಿಯೂ ಹುರಿ ಬರುತ್ತಿತ್ತು. ನೀವು ಒಮ್ಮೆಯೂ ತಿರುಗಿಸಿ ನೋಡಲಿಲ್ಲ.

"ಮಕ್ಳಿಲ್ದೋಳ್ಗೆ ಆಟದ ಸಾಮಾನ್ ಯಾಕೆ, ತಕ್ಕೊಂಡೋಗಕ್ಕ" ಅಂದಿರಿ. ಅಡುಗೆಮನೆಯಲ್ಲಿದ್ದ ನನಗೆ ಕೇಳಿಸಿತು.

ನಿಮ್ಮಕ್ಕನ ಮಕ್ಕಳು ಅದನ್ನು ಬಿಚ್ಚಿಹಾಕಿದ್ದರೂ ಸರಿ, ಆಯ್ದು ತರುತ್ತೇನೆ.

ಕೊರತೆ ನಿಮ್ಮದು ಎಂದು ಹಾಸನದ ಡಾಕ್ಟರು ಹೇಳಿದ್ದನ್ನು, ನಿಮ್ಮ ಮರ್ಯಾದೆ ಉಳಿಯಲಿ ಎಂದು ಈವರೆಗೆ ಯಾರ ಹತ್ತಿರವೂ ಬಾಯಿಬಿಟ್ಟಿಲ್ಲ. ಇವತ್ತು ನಿಮ್ಮಕ್ಕ ಮಕ್ಕಳ ಮಾತೆತ್ತಿದರೆ ಹೇಳಿಯೇ ಬರುತ್ತೇನೆ.

ಆಶಾರಾಣಿ