ಸುಗಂಧಾಳ ಮನೆಯ ಒಲೆ

ಮಲ್ಲಾಪುರ, ನಿನ್ನ ಕ್ವಾರ್ಟರ್ಸ್
ನವೆಂಬರ್ 16, ಭಾನುವಾರ ಮಧ್ಯಾಹ್ನ

ಪ್ರೀತಿಯ ಸುಗಂಧಾ,

ಹೇಗಿದ್ದೀ? ಮುಂಬೈಯ ನೀರಿಗೆ ಶುರುವಾದ ಗಂಟಲು ನೋವು ಹೋಯಿತೇ? ಬಿಸಿ ನೀರು ಕುಡಿ ಎಂದರೆ ಹೂಂ ಎನ್ನುತ್ತೀ, ಕುಡಿಯುವುದು ಮಾತ್ರ ತಣ್ಣೀರೇ ಎಂದು ನನಗೆ ಗೊತ್ತು. ಹಾಸ್ಟೆಲಿನಲ್ಲಿ ವಾರಕ್ಕೊಮ್ಮೆ ಮೀನು, ಅದೂ ಒಂದೇ ತುಂಡು ಎಂದು ನೀನು ಫೋನಿನಲ್ಲಿ ಹೇಳಿದ್ದನ್ನು ಆಯಿ ಕೇಳಿಸಿಕೊಂಡಿದ್ದಳು. ಆಗಲೇ ಎದ್ದು ಹೋಗಿ ಒಣ ಸಿಗಡಿ ಚಟ್ನಿ ಕುಟ್ಟಿದಳು. ಡಬ್ಬಿಯನ್ನು ಈ ಕಾಗದದ ಜೊತೆಗೆ ಪ್ರದೀಪನ ಕೈಯಲ್ಲಿ ಕಳಿಸುತ್ತಿದ್ದೇನೆ. ತನ್ನ ಅಣ್ಣನ ಮದುವೆಗೆಂದು ಬಂದ ಹುಡುಗ ನಾಳೆ ರೈಲು ಹತ್ತಿ ನಿಮ್ಮ ತರಬೇತಿಗೇ ವಾಪಸ್ ಬರುತ್ತಾನೆ. ಡಬ್ಬಿ ಅವನು ದಾರಿಯಲ್ಲಿ ತೆರೆಯದಿದ್ದರೆ ತುಂಬಿಯೇ ಇರುತ್ತದೆ.

ದಿನವೂ ಫೋನಿನಲ್ಲಿ ಮಾತನಾಡುವಾಗ ಇವನಿಗೆ ಕಾಗದದ ಹುಚ್ಚು ಎಲ್ಲಿಂದ ಹಿಡಿಯಿತು ಎಂದು ನಗಬೇಡ. ಫೋನ್ ಬಂದ ಕೂಡಲೇ ಮಕ್ಕಳಿಬ್ಬರೂ, ವಿಜೇತಾ ಒಂದು ಕಡೆಯಿಂದ, ಸೂರಜ್ ಇನ್ನೊಂದು ಕಡೆಯಿಂದ ಎಳೆಯುತ್ತಾರೆ. ಆಯಿ ಪಕ್ಕದಲ್ಲೇ ಕುಳಿತು ಕಿವಿ ಕೊಟ್ಟಿರುತ್ತಾಳೆ. ನನ್ನ ತಾಯಿಯ ವಿಷಯವನ್ನು ಅವಳೆದುರಿಗೇ ಹೇಳುವಷ್ಟು ಧೈರ್ಯ ನನಗೆ ಯಾವತ್ತು ಇತ್ತು ಹೇಳು. ಇವತ್ತು ಪಕ್ಕದ ಮನೆಯ ದೀಪಾಲಿಯವರು ಅವರ ಮಕ್ಕಳ ಜೊತೆ ನಮ್ಮವರನ್ನೂ ಆಯಿಯನ್ನೂ ಹೊಳೆ ತೋರಿಸಲು ಕರೆದುಕೊಂಡು ಹೋಗಿದ್ದಾರೆ. ಮನೆ ಖಾಲಿಯಿದೆ. ವಿಜೇತಾಳ ಪೆನ್ನು ಹಿಡಿದು ಕುಳಿತಿದ್ದೇನೆ.

ಮೊದಲು ಹೆಮ್ಮೆಯ ಸಂಗತಿ ಹೇಳುತ್ತೇನೆ. ಈ ತಿಂಗಳ ಅರ್ಧದೊಳಗೆ ಬಂದು ಇರದಿದ್ದರೆ ಕ್ವಾರ್ಟರ್ಸ್ ಮುಂದಿನವರ ಪಾಲಾಗುತ್ತದೆ ಎಂದಿದ್ದರಲ್ಲ, ನಾವು ಅದಕ್ಕೂ ಮೊದಲೇ, ಮೊನ್ನೆ ಸೋಮವಾರವೇ ಬಂದೆವು. ಐಸ್ ಸಾಗಿಸುವ ಟೆಂಪೊದಲ್ಲಿ ಹಾರವಾಡದ ಮನೆಯ ಸಾಮಾನೆಲ್ಲ ತುಂಬಿ, ಮೇಲೆ ಹಾಸಿಗೆ ಕಟ್ಟಿದೆವು. ಹಾಸಿಗೆಯ ಮೇಲೆ ತನ್ನನ್ನು ಕೂರಿಸಬೇಕೆಂದು ಸೂರಜ್‌ನ ಹಟ. ಕೂರಿಸಲಿಲ್ಲ, ಹೆದರಬೇಡ. ಇಲ್ಲಿನ ಗೇಟಿನಲ್ಲಿ ಕಾವಲಿನವನು ಟೆಂಪೊದ ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ಯಾರ ಮನೆಗೆ ಎಂದು ಕೇಳಿದ. ನನ್ನ ಹೆಂಡತಿಯ ಮನೆಗೆ ಎಂದೆ. ಮಾವನ ಮನೆಗೆ ಬಂದವನೆಂದುಕೊಂಡನೋ ಏನೋ, ನಕ್ಕುಬಿಟ್ಟ. ಸುಗಂಧಾ ಹರಿಕಂತ್ರ, ಲ್ಯಾಬಿನಲ್ಲಿ ಕೆಲಸ, ಈಗ ಮುಂಬೈಗೆ ತರಬೇತಿಗೆ ಹೋಗಿದ್ದಾರೆ ಎಂದು ಬಹುವಚನ ಹಾಕಿ ಹೇಳಿದ ಮೇಲೆ ಕೈ ಮೂಗಿನಿಂದ ತೆಗೆದು ಗೇಟು ಬಿಟ್ಟ. ಇಷ್ಟು ವರ್ಷದಲ್ಲಿ ನನ್ನ ಹೆಸರು ಕೇಳಿ ಯಾರೂ ಯಾವ ಗೇಟನ್ನೂ ತೆಗೆದದ್ದಿಲ್ಲ. ನಿನ್ನ ಹೆಸರಿಗೆ ತೆಗೆದರು. ಟೆಂಪೊದಲ್ಲಿ ಡ್ರೈವರನ ಪಕ್ಕ ಕುಳಿತಿದ್ದ ನನಗೆ ಎದೆ ಎಷ್ಟು ಉಬ್ಬಿತೆಂದರೆ ಅವನಿಗೆ ಗೇರ್ ಹಾಕಲು ಜಾಗ ಸಾಲದಾಯಿತು.

ಮನೆಯ ಬಾಗಿಲಿಗೆ ನಿನ್ನ ಹೆಸರಿನ ಬೋರ್ಡು ಆಗಲೇ ಹಾಕಿದ್ದರು. ನಿನ್ನ ಮಗಳು ಒಂದನೇ ಕ್ಲಾಸಿಗೆ ಹೋಗಿ ಓದಲು ಕಲಿತ ದಿನದಿಂದ ಊರಿನ ಯಾವ ಅಕ್ಷರವನ್ನೂ ಸುಮ್ಮನೆ ಬಿಡುವುದಿಲ್ಲ. ಬಸ್ಸಿನ ಬೋರ್ಡು, ಬಿಸ್ಕತ್ತಿನ ಪೊಟ್ಟಣ, ಯಾರದೋ ಮದುವೆಯ ಕಾಗದ, ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದಬೇಕು. ಇದನ್ನೂ ಓದಿದಳು, ಒಂದೊಂದೇ ಅಕ್ಷರ ಹಿಡಿದು. ಆಯಿ ತಲೆಯ ಮೇಲಿನ ಬುಟ್ಟಿ ಇಳಿಸದೆ ನಿಂತು ಕೇಳಿದಳು. ಆಮೇಲೆ "ಜಗದೀಶನ ಹೆಸ್ರು ಎಲ್ಲದೆ?" ಎಂದು ಮೊಮ್ಮಗಳನ್ನು ಕೇಳಿದಳು. "ಅಪ್ಪನ ಹೆಸ್ರು ಇಲ್ಲ ಅಜ್ಜಿ, ಅಮ್ಮಂದು ಮಾತ್ರ" ಎಂದಳು ಇವಳು, ಸರಿಯಾಗಿ ಹುಡುಕಿ ನೋಡಿ. ಆಯಿ "ಹೌದಾ" ಎಂದಳು. ಅಷ್ಟೇ. ನಾನು ಅವಸರದಲ್ಲಿ ಬೀಗ ತೆಗೆದೆ.

ಒಳಗೆ ಹೋಗಿ ನಾನು ಮಾಡಿದ ಮೊದಲ ಕೆಲಸ ಗ್ಯಾಸ್ ಒಲೆ ಜೋಡಿಸಿದ್ದು. ಎಲ್ಲರಿಗೂ ಒಂದು ಲೋಟ ಚಹಾ ಆಗಲಿ ಎಂದು ಲೈಟರ್ ಹಿಡಿದೆ, ಹಿಂದಿನಿಂದ ಆಯಿ ಬಂದು ನನ್ನ ಕೈಗೆ ಒಂದು ಏಟು ಕೊಟ್ಟಳು. "ಮುಟ್ಬೇಡ ಅದ್ನ. ಒಳಗೆ ಬೆಂಕಿ ಬೇಡ." ಯಾಕೆ ಎಂದರೆ, "ಬೇಡ ಅಂದ್ರೆ ಬೇಡ." ನಾನು ಬುದ್ಧಿವಂತನಂತೆ, ಇದೇನು ನಮ್ಮ ಸ್ವಂತದ ಮನೆಯಾ ಆಯಿ, ಕಂಪನಿಯ ಮನೆ, ಇಲ್ಲಿ ಪೂಜೆ ಗೀಜೆ ಏನೂ ಬೇಕಾಗಿಲ್ಲ ಎಂದೆ. ಅವಳು ನನ್ನನ್ನು ಕೊಳೆತ ಬಂಗಡೆ ನೋಡುವ ಹಾಗೆ ನೋಡಿ ಹಿತ್ತಿಲಿಗೆ ಹೋದಳು. ಮೂರು ಕಲ್ಲು ಆರಿಸಿ ತಂದು ಇಟ್ಟು, ಹಾರವಾಡದಿಂದ ತಂದ ತೆಂಗಿನ ಸಿಪ್ಪೆ ಹಚ್ಚಿ, ಅಲ್ಲೇ ಗಂಜಿ ಬೇಯಿಸಿದಳು. ಅವತ್ತಿನಿಂದ ಇವತ್ತಿನವರೆಗೆ ನಮ್ಮ ಅಡುಗೆ ಹಿತ್ತಿಲಲ್ಲೇ. ನಿನ್ನ ಬಿಳಿ ಟೈಲ್ಸಿನ ಅಡುಗೆಮನೆ ಕೈ ತೊಳೆಯುವುದಕ್ಕೆ ಮಾತ್ರ. ಆ ದಿನದಿಂದ ಲೈಟರ್ ಕೂಡ ಕಾಣೆ. ಸೂರಜ್ ಎಲ್ಲಾದರೂ ತೂರಿಸಿರಬೇಕೆಂದು ಅವನ ಚಿಪ್ಪಿನ ಡಬ್ಬಿ, ಬೂಟು, ಹಾಸಿಗೆಯ ಅಡಿ ಎಲ್ಲ ಜಾಲಾಡಿದೆ. ಅವನಿಗೆ ಸುಮ್ಮನೆ ಬೈಗುಳ ಸಿಕ್ಕಿತು, ಲೈಟರ್ ಸಿಗಲಿಲ್ಲ.

ಮಕ್ಕಳಿಗೆ ಇದೆಲ್ಲ ಹಬ್ಬ. ಹಿತ್ತಿಲಲ್ಲಿ ಊಟ ಎಂದು ದೀಪಾಲಿಯವರ ಮಕ್ಕಳೂ ತಟ್ಟೆ ಹಿಡಿದು ಬರುತ್ತಾರೆ. ಆಯಿಯ ಬಂಗಡೆ ಸಾರಿಗೆ ಎರಡು ಸಲ ಅನ್ನ ಹಾಕಿಸಿಕೊಂಡು ಹೋಗುತ್ತಾರೆ. ಸೂರಜ್‌ಗೆ ಮಾತ್ರ ಬಂದ ದಿನ ದೊಡ್ಡ ಸಂಕಟ. ಹಿಂದಿನ ಬಾಗಿಲು ತೆಗೆದು ನೋಡಿದ, ಮುಂದಿನ ಬಾಗಿಲು ತೆಗೆದು ನೋಡಿದ, ಆಮೇಲೆ ನನ್ನ ಲುಂಗಿ ಹಿಡಿದು "ಸಮುದ್ರ ಯಾರು ತಕ್ಕೊಂಡು ಹೋದ್ರು?" ಎಂದು ಅಳತೊಡಗಿದ. ಹೊಳೆ ತೋರಿಸಿದೆ. ಅದನ್ನು ಬಹಳ ಹೊತ್ತು ನೋಡಿ, ಇದು ಸಮುದ್ರದ ತಮ್ಮ, ದೊಡ್ಡದಾದ ಮೇಲೆ ಅಲೆ ಬರುತ್ತದೆ ಎಂದು ತಾನೇ ತೀರ್ಮಾನ ಮಾಡಿಕೊಂಡ. ತಾನೂ ತಮ್ಮನಲ್ಲವೇ, ಅದಕ್ಕೇ ಅವನಿಗೆ ಹೊಳೆಯ ಮೇಲೆ ಕನಿಕರ. ವಿಜೇತಾ ಹೊಸ ಶಾಲೆಯಲ್ಲಿ ಮೊದಲ ದಿನವೇ, ನನ್ನ ಅಮ್ಮ ಮೀನಿನ ಡಾಕ್ಟರ್ ಎಂದು ಹೇಳಿ ಬಂದಿದ್ದಾಳೆ. ಹೊಳೆಯ ನೀರು, ಸಮುದ್ರದ ಮೀನು ಎಲ್ಲ ಚೆನ್ನಾಗಿವೆಯೋ ಇಲ್ಲವೋ ಎಂದು ನೋಡುವ ಕೆಲಸ ನಿನ್ನದು ಎಂದು ನಾನು ಹೇಳಿಕೊಟ್ಟಿದ್ದೆ, ಡಾಕ್ಟರ್ ಎಂಬುದು ಅವಳೇ ಸೇರಿಸಿದ್ದು. ಟೀಚರ್ ನನ್ನನ್ನು ಕೇಳಿದಾಗ ನಾನು ಅಲ್ಲ ಎನ್ನಲಿಲ್ಲ.

ಹಿತ್ತಿಲಿನ ಹೊಗೆ ನೋಡಿ ಇಲ್ಲಿನ ಕ್ವಾರ್ಟರ್ಸ್ ನೋಡಿಕೊಳ್ಳುವ ವಿನೋದ ಎಂಬುವವರು ಶುಕ್ರವಾರ ಬಂದಿದ್ದರು. ಹೊರಗೆ ಒಲೆ ಹಚ್ಚುವ ಹಾಗಿಲ್ಲ ಎಂದು ಹೇಳಲು ಬಂದವರನ್ನು ಆಯಿ ಮಣೆ ಹಾಕಿ ಕೂರಿಸಿದಳು. ಊಟ ಮುಗಿಸಿ ಕೈ ತೊಳೆದು, 23ರ ಭಾನುವಾರದವರೆಗೆ ನಾನು ಈ ಕಡೆ ಬರುವುದಿಲ್ಲ, ಆಮೇಲೂ ಹೊಗೆ ಕಂಡರೆ ದೂರು ಬರೆಯಬೇಕಾಗುತ್ತದೆ ಎಂದು ಹೇಳಿ ಹೋದರು.

ಊರಿನ ಕಡೆ ಎಲ್ಲ ಚೆನ್ನಾಗಿದ್ದಾರೆ. ನಮ್ಮ ಕುಪ್ಪನ ಹೊಸ ದೋಣಿ ಇನ್ನೂ ಮರಳಿನ ಮೇಲೆಯೇ ಕುಳಿತಿದೆ. ಅವನು ಕಾಲು ಮುರಿದುಕೊಂಡು ಗೋವೆಯ ಆಸ್ಪತ್ರೆಯಲ್ಲಿ ಮಲಗಿದ್ದಾನಲ್ಲ, ಅವನು ಬಂದು ತನ್ನ ಕೈಯಾರೆ ಕಾಯಿ ಒಡೆಯುವವರೆಗೆ ದೋಣಿ ನೀರು ಮುಟ್ಟುವ ಹಾಗಿಲ್ಲ. ಮೀನು ಬಿದ್ದಿರುವ ಹೊತ್ತು, ಸುಮ್ಮನೆ ಯಾಕೆ ನಿಲ್ಲಿಸುವುದು, ಅವನ ತಮ್ಮನೇ ಒಡೆಯಲಿ ಎಂದು ನಾಲ್ಕು ಜನ ಹೇಳಿದರು. ಎಲ್ಲರಿಗಿಂತ ಮುಂದೆ ನಿಂತು ಕೂಡದು ಎಂದವಳು ನಮ್ಮ ಆಯಿಯೇ.

ಈಗ ನನ್ನ ಚಿಂತೆ ಹೇಳುತ್ತೇನೆ. ಆಯಿ ತನ್ನ ಸೀರೆಯ ಗಂಟನ್ನು ಬಂದ ದಿನ ಬಾಗಿಲ ಪಕ್ಕದಲ್ಲಿ ಇಟ್ಟವಳು ಇನ್ನೂ ಬಿಚ್ಚಿಲ್ಲ. ಕಪಾಟಿನಲ್ಲಿ ಒಂದು ಖಾನೆ ಖಾಲಿ ಮಾಡಿ ಕೊಟ್ಟೆ. ಅದು ಖಾಲಿಯೇ ಇದೆ. ಬೇಕಾದ ಸೀರೆಯನ್ನು ಗಂಟಿನಿಂದ ಎಳೆದು ಉಟ್ಟು, ಒಗೆದು ಒಣಗಿಸಿ, ಮತ್ತೆ ಗಂಟಿಗೇ ಹಾಕುತ್ತಾಳೆ. ಅಂಕೋಲೆ ಪೇಟೆಯಲ್ಲಿ ಅವಳು ಮೀನಿನ ಬುಟ್ಟಿ ಇಡುವ ಜಾಗವನ್ನು ಪಕ್ಕದವಳಿಗೆ ನೋಡಿಕೋ ಎಂದು ಹೇಳಿ ಬಂದಿದ್ದಾಳೆ, ಕೊಟ್ಟು ಬಂದಿಲ್ಲ. ಬುಧವಾರ ನಾನು ಬೈತಖೋಲ ಬಂದರಿನಲ್ಲಿ ಬೋಟು ಹತ್ತಲೇಬೇಕು, ಇಲ್ಲದಿದ್ದರೆ ನನ್ನ ಜಾಗಕ್ಕೆ ಬೇರೆಯವನನ್ನು ತೆಗೆದುಕೊಳ್ಳುತ್ತೇನೆ ಎಂದು ಮಾಲೀಕ ಹೇಳಿದ್ದಾನೆ. ಹತ್ತಿದರೆ ಮೂರು ದಿನ ದಡ ಕಾಣುವುದಿಲ್ಲ. ಆಯಿ ಗಂಟು ಎತ್ತಿಕೊಂಡು ಹಾರವಾಡಕ್ಕೆ ಹೊರಟರೆ ಮಕ್ಕಳನ್ನು ನೋಡುವವರಾರು? ನೀನು ಕೆಲಸಕ್ಕೆ ಸೇರುವಾಗ "ಮೀನು ಮಾರೋರ ಸೊಸೆ ಮೀನು ಕೊಯ್ದು ಪುಸ್ತಕ ಬರೆಯೂದಾ" ಎಂದವಳು ಅವಳು. ಅವಳ ಮಗನ ಹೆಸರಿಲ್ಲದ ಈ ಮನೆ ಅವಳಿಗೆ ಒಗ್ಗಿಲ್ಲ, ಒಳಗೆ ಬೇಯಿಸಿ ಉಣ್ಣಲೂ ಅವಳಿಗೆ ಮನಸ್ಸಿಲ್ಲ ಎಂದೇ ನನಗೆ ಕಾಣುತ್ತದೆ. ನಿನ್ನೆ ತಡೆಯಲಾರದೆ ಸ್ವಲ್ಪ ಜೋರಾಗಿಯೇ ಮಾತನಾಡಿದೆ. ಅವಳು ಆ ಕಡೆ ತಿರುಗಿ ಕುಳಿತು ಮೀನು ಕೊಯ್ಯತೊಡಗಿದಳು.

ಆದರೂ ನೀನು ತರಬೇತಿ ಬಿಟ್ಟು ಬರುವ ಮಾತೆತ್ತಬೇಡ. ಬೇಕಾದರೆ ನಾನು ಬೋಟು ಬಿಡುತ್ತೇನೆ, ಇಲ್ಲೇ ಹೊಳೆಯಲ್ಲಿ ಬಲೆ ಬೀಸಿಯಾದರೂ ನಾಲ್ಕು ಕಾಸು ಮಾಡಿಕೊಳ್ಳುತ್ತೇನೆ. ಹಾರವಾಡದಿಂದ ಎರಡು ಬಸ್ಸು ಬದಲಿಸಿ, ಎದೆ ಹಾಲು ಬಿಡಿಸದ ಮಗುವನ್ನು ಮನೆಯಲ್ಲಿ ಬಿಟ್ಟು, ನೀನು ಕೆಲಸಕ್ಕೆ ಹೋಗಿ ಬರುತ್ತಿದ್ದುದನ್ನು ನಾನು ಕಣ್ಣಾರೆ ಕಂಡವನು. ನಮ್ಮ ಎರಡೂ ಮನೆತನದಲ್ಲಿ ಬಾಗಿಲಿನ ಮೇಲೆ ಹೆಸರು ಬರೆಸಿಕೊಂಡವಳು ನೀನೊಬ್ಬಳೇ. ಈಗಲೂ ಹೊರಗೆ ಹೋಗುವಾಗ ಒಮ್ಮೆ, ಒಳಗೆ ಬರುವಾಗ ಒಮ್ಮೆ ಆ ಬೋರ್ಡಿನ ಧೂಳು ಒರೆಸುತ್ತೇನೆ. ಧೂಳು ಇರುವುದಿಲ್ಲ, ಆದರೂ ಒರೆಸುತ್ತೇನೆ.

ಅಂಗಳದಲ್ಲಿ ಸದ್ದು ಕೇಳುತ್ತಿದೆ, ಬಂದರೆಂದು ಕಾಣುತ್ತದೆ. ಮಕ್ಕಳ ಮುತ್ತುಗಳನ್ನು ನೀನೇ ಹಂಚಿಕೋ, ಒಬ್ಬರದು ಹೆಚ್ಚಾದರೆ ಇನ್ನೊಬ್ಬರು ಜಗಳ ತೆಗೆಯುತ್ತಾರೆ. ಗಂಟಲು ನೋಡಿಕೋ. ಚೆನ್ನಾಗಿ ಕಲಿತು ಬಾ.

ನಿನ್ನ ಮನೆಯಲ್ಲಿ ಇರುವ, ನಿನ್ನವನೇ ಆದ
ಜಗದೀಶ

ತಾ.ಕ. ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ಪ್ರದೀಪ ಬಾಗಿಲಲ್ಲಿ ನಿಂತಿದ್ದಾನೆ. ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ನಿನ್ನ ಮಗಳು ಈ ಕಾಗದ ಎತ್ತಿಕೊಂಡು ಕೊನೆಯ ಹಾಳೆಯನ್ನು ಗಟ್ಟಿಯಾಗಿ ಓದಿಬಿಟ್ಟಿದ್ದಳು, ಆಯಿಯ ಎದುರಿಗೆ ಕುಳಿತು. ನಾನು ಬಂದು ನೋಡುತ್ತೇನೆ, ಆಯಿ ಮುಖ ಕೆಂಪು ಮಾಡಿಕೊಂಡು ಕುಳಿತಿದ್ದಾಳೆ. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ಹೆಡ್ಡ, ಕುಪ್ಪನ ದೋಣಿಗೆ ಕಾಯಿ ಒಡೆಯೂಕೆ ಕುಪ್ಪನೇ ಬೇಕು, ಈ ಮನೆ ಒಲೆ ಹಚ್ಚೂಕೆ ಮಾತ್ರ ಯಾರಾದ್ರೂ ಸಾಕಾ? ಹೆಸ್ರು ಯಾರದು ಅಂತ ನಾ ಬಾಗ್ಲಲ್ಲೇ ಕೇಳಿ ಗಟ್ಟಿ ಮಾಡ್ಕಂಡೆ. ಅವ್ಳೇ ಬಂದು ಹಾಲು ಉಕ್ಕಿಸ್ಬೇಕು. ಅವ್ಳು ಬಂದು, ಅತ್ತೆ ಒಳಗೆ ಬನ್ನಿ ಅಂತ ಕರೀಲಿ, ಆವಾಗ ಗಂಟು ಬಿಚ್ತೆ. ಅಲ್ಲಿವರೆಗೆ ನಾನು ಅವ್ಳ ಮನೆ ಕಾಯೋಳು. ಫೋನಲ್ಲಿ ಹೇಳಿದ್ರೆ ಕಲಿಯೂದು ಬಿಟ್ಟು ಓಡಿ ಬತ್ತಿದ್ಳು, ಅದ್ಕೇ ಸುಮ್ನಿದ್ದೆ." ಬುಧವಾರ ನೀನು ಬೋಟಿಗೆ ಹೋಗು, ಮಕ್ಕಳು ನನ್ನ ಹತ್ತಿರ ಇರುತ್ತವೆ ಎಂದಳು. ಪೇಟೆಯ ಜಾಗ ಪಕ್ಕದವಳೇ ಇಟ್ಟುಕೊಳ್ಳಲಿ ಎಂದು ಹೇಳಿಕಳಿಸಲೂ ಹೇಳಿದ್ದಾಳೆ. ಚಿಕ್ಕಂದಿನಿಂದ ದೋಣಿ ಹತ್ತಿ ಇಳಿದ ನನಗೆ ಇದು ಹೊಳೆಯಲಿಲ್ಲ ನೋಡು. ಕಲಿಯುವುದು ಬಿಡಬೇಡ, ಆದರೆ 24ರ ಸೋಮವಾರ ಒಂದು ದಿನ ರಜೆ ಕೇಳಿ ಈ ಶನಿವಾರದ ರೈಲು ಹತ್ತು. ಭಾನುವಾರ ಬೆಳಿಗ್ಗೆ ಅಂಕೋಲೆ ಸ್ಟೇಷನ್ನಿಗೆ ನಾನು ಬರುತ್ತೇನೆ. ಹಾಲಿಗೆ ದೀಪಾಲಿಯವರಿಗೆ ಹೇಳಿಟ್ಟಾಗಿದೆ. ಲೈಟರ್ ಆಯಿಯ ಎಲೆ ಅಡಿಕೆ ಚೀಲದಲ್ಲಿದೆ, ನಿನ್ನ ಕೈಗೇ ಕೊಡುತ್ತಾಳಂತೆ.